ದಾನಿಗಳು ಕೊಡುವ ವಿದ್ಯಾರ್ಥಿವೇತನ: ಕಾಸರಗೋಡಿನ ಕನ್ನಡ ಮಕ್ಕಳಿಗೊಂದು ಸಮಗ್ರ ಮಾರ್ಗದರ್ಶಿ

ಪ್ಲಸ್ ಟು ಫಲಿತಾಂಶ ಬಂದ ವಾರ ನಮ್ಮ ಕಡೆಯ ಅಕ್ಷಯ ಕೇಂದ್ರಗಳಲ್ಲಿ (ಆನ್‌ಲೈನ್ ಅರ್ಜಿ ಹಾಕಿಕೊಡುವ ಕೇರಳದ ಸೇವಾ ಕೇಂದ್ರಗಳು) ನಿಲ್ಲಲೂ ಜಾಗ ಇರುವುದಿಲ್ಲ. ಎಲ್ಲರಿಗೂ ಸರ್ಕಾರದ ಪೋರ್ಟಲ್‌ನದ್ದೇ ಚಿಂತೆ. ದಾನಿಗಳು, ಟ್ರಸ್ಟ್‌ಗಳು, ಕಂಪನಿಗಳು, ಹಳೆ ವಿದ್ಯಾರ್ಥಿ ಸಂಘಗಳು ಕೊಡುವ ಹಣದ ಬಗ್ಗೆ ಕೇಳುವವರು ಕಡಿಮೆ. ಆದರೆ ಗಡಿಯಲ್ಲಿರುವ ನಮಗೆ ಜಾಸ್ತಿ ಉಪಯೋಗಕ್ಕೆ ಬರುವುದು ಅದೇ.

ಯಾಕೆ ಅಂತ ಹೇಳ್ತೇನೆ. ಮಂಜೇಶ್ವರದ ಹುಡುಗಿಯೊಬ್ಬಳು ಮಂಗಳೂರಿನ ಕಾಲೇಜಿಗೆ ಸೇರುತ್ತಾಳೆ ಅಂದುಕೊಳ್ಳಿ. ಕರ್ನಾಟಕ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ ಅಲ್ಲಿನ ನಿವಾಸಿಗಳಿಗೆ. ಕೇರಳದ ಸ್ಟೇಟ್ ಮೆರಿಟ್‌ನಂಥ ಕೆಲವು ವಿದ್ಯಾರ್ಥಿವೇತನಗಳು ಕೇರಳದ ಒಳಗಿನ ಕಾಲೇಜುಗಳಿಗೆ. ಮನೆ ಒಂದು ರಾಜ್ಯದಲ್ಲಿ, ಓದು ಇನ್ನೊಂದು ರಾಜ್ಯದಲ್ಲಿ, ಎರಡೂ ಕಡೆ ಅವಳು ಹೊರಗಿನವಳು. ದಾನಿಯ ಹಣಕ್ಕೆ ಸರ್ಕಾರದ ಈ ಗಡಿ ಇಲ್ಲ. ಅದಕ್ಕಿರುವುದು ದಾನಿ ಹಾಕಿದ ಷರತ್ತು ಮಾತ್ರ. ಆ ಷರತ್ತನ್ನು ಸರಿಯಾಗಿ ಓದುವುದೇ ಇಲ್ಲಿನ ಮುಖ್ಯ ಕೆಲಸ.

ಹೆಜ್ಜೆ 1: ಹಣ ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಳ್ಳಿ

ಇದನ್ನು ಬಿಟ್ಟು ನೇರ ಅರ್ಜಿಗೆ ಹಾರುವವರೇ ಜಾಸ್ತಿ. ಹಣದ ಮೂಲ ಗೊತ್ತಾದರೆ ಎಷ್ಟು ಸಿಗಬಹುದು, ಯಾವಾಗ ಕೇಳಬೇಕು, ಯಾರನ್ನು ಕೇಳಬೇಕು ಅನ್ನುವುದೆಲ್ಲ ತಾನಾಗಿ ಗೊತ್ತಾಗುತ್ತದೆ.

ಹಳೆಯ ದಾರಿ ದತ್ತಿನಿಧಿ, ಇಂಗ್ಲಿಷಿನಲ್ಲಿ ಎಂಡೋಮೆಂಟ್. ಒಬ್ಬರು ತಮ್ಮ ತಂದೆಯ ಹೆಸರಿನಲ್ಲಿ ವಿಶ್ವವಿದ್ಯಾಲಯಕ್ಕೋ ಕಾಲೇಜಿಗೋ 2,00,000 ರೂಪಾಯಿ ಕೊಡುತ್ತಾರೆ ಎನ್ನೋಣ. ಸಂಸ್ಥೆ ಅದನ್ನು ಬ್ಯಾಂಕಿನಲ್ಲಿ ಠೇವಣಿ ಇಡುತ್ತದೆ. ಅಸಲನ್ನು ಮುಟ್ಟುವ ಹಾಗಿಲ್ಲ, ಬಡ್ಡಿ ಮಾತ್ರ ಹಂಚಬೇಕು. ಶೇ 6.5ರ ಬಡ್ಡಿ ಇದ್ದರೆ ವರ್ಷಕ್ಕೆ 13,000 ಬರುತ್ತದೆ. ಇಬ್ಬರಿಗೆ 6,000ದಂತೆ ಕೊಟ್ಟು ಉಳಿದ 1,000ವನ್ನು ಅಸಲಿಗೇ ಸೇರಿಸಬಹುದು. ಬಡ್ಡಿ ಶೇ 5ಕ್ಕೆ ಇಳಿದರೆ ಕೈಗೆ ಬರುವುದು 10,000. ಮೂವತ್ತು ವರ್ಷದ ಹಿಂದಿನ ದತ್ತಿಗಳು ಈಗ ವರ್ಷಕ್ಕೆ ಐನೂರು, ಸಾವಿರ ಕೊಡುವುದು ಇದಕ್ಕೇ. ಆಗ ಅದು ದೊಡ್ಡ ಮೊತ್ತವಾಗಿತ್ತು. ಅಸಲು ಅಷ್ಟೇ ಉಳಿಯಿತು, ಫೀಸು ಏರಿತು. ಹಾಗಂತ ಬಿಡಬೇಡಿ. ಸಣ್ಣ ದತ್ತಿ ಬಹುಮಾನ ಒಂದಿದ್ದರೂ ಮುಂದಿನ ದೊಡ್ಡ ಅರ್ಜಿಯಲ್ಲಿ ಅದಕ್ಕೊಂದು ಸಾಲು ಸಿಗುತ್ತದೆ.

ಇನ್ನೊಂದು ದಾರಿ, ವರ್ಷ ವರ್ಷ ದಾನ ಎತ್ತಿ ಹಂಚುವುದು. ಜಾತಿ ಸಂಘಗಳು, ಹಳೆ ವಿದ್ಯಾರ್ಥಿ ಸಂಘಗಳು, ಮುಂಬಯಿ ಮತ್ತು ಗಲ್ಫ್‌ನಲ್ಲಿರುವ ನಮ್ಮವರ ಸಂಘಗಳು ಮಾಡುವುದು ಹೆಚ್ಚಾಗಿ ಇದನ್ನೇ. ಇಲ್ಲಿ ಮೊತ್ತ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 'ಒಬ್ಬ ದಾನಿ, ಒಬ್ಬ ವಿದ್ಯಾರ್ಥಿ' ಎಂಬ ದತ್ತು ಪದ್ಧತಿಯೂ ಉಂಟು. ಅದರಲ್ಲಿ ಓದು ಮುಗಿಯುವವರೆಗೆ ಹಣ ಬರುವ ಸಾಧ್ಯತೆ ಜಾಸ್ತಿ.

ಮೂರನೆಯದು ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣ. 2013ರ ಕಂಪನಿ ಕಾಯ್ದೆಯ ಸೆಕ್ಷನ್ 135ರ ಪ್ರಕಾರ, ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಈ ನಿಯಮ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಶಿಕ್ಷಣ ಆ ಕೆಲಸಗಳ ಪಟ್ಟಿಯಲ್ಲೇ ಇದೆ. ಬ್ಯಾಂಕು, ಕಂಪನಿಗಳ ಹೆಸರಿನ ವಿದ್ಯಾರ್ಥಿವೇತನಗಳು ಇಷ್ಟೊಂದು ಹೆಚ್ಚಿದ್ದರ ಹಿಂದೆ ಈ ನಿಯಮದ ಪಾಲು ದೊಡ್ಡದು.

ಇಲ್ಲೊಂದು ಒಳಗುಟ್ಟು. ತೆರಿಗೆ ವಿನಾಯ್ತಿ ಬೇಕಾದ ಟ್ರಸ್ಟ್, ತನ್ನ ವರ್ಷದ ಆದಾಯದ ಶೇ 85ರಷ್ಟನ್ನಾದರೂ ಉದ್ದೇಶಿತ ಕೆಲಸಕ್ಕೆ ಬಳಸಬೇಕು. ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಎಲ್ಲರೂ ಜೂನ್, ಜುಲೈನಲ್ಲಿ ಅರ್ಜಿ ಹಾಕಿ ಮರೆತುಬಿಡುತ್ತಾರೆ. ನೀವು ಜನವರಿ, ಫೆಬ್ರವರಿಯಲ್ಲಿ ಒಮ್ಮೆ ಕೇಳಿ ನೋಡಿ: 'ಈ ವರ್ಷದ ನಿಧಿಯಲ್ಲಿ ಏನಾದರೂ ಉಳಿದಿದೆಯೇ?' ಉಳಿದಿದ್ದರೆ ಖರ್ಚು ಮಾಡುವ ಅವಸರ ಅವರಿಗೇ ಇರುತ್ತದೆ.

ಕೊನೆಯದಾಗಿ, ಸಾಲದ ರೂಪದ ವಿದ್ಯಾರ್ಥಿವೇತನ. 1892ರಲ್ಲಿ ಶುರುವಾದ ಜೆ.ಎನ್. ಟಾಟಾ ಎಂಡೋಮೆಂಟ್ ವಿದೇಶದಲ್ಲಿ ಓದುವವರಿಗೆ ಕೊಡುವುದು ಇಂಥದ್ದನ್ನೇ. ಓದು ಮುಗಿದ ಮೇಲೆ ತೀರಿಸಬೇಕು. ಕೆಲವು ಸಂಘಗಳು 'ದುಡಿಯಲು ಶುರು ಮಾಡಿದ ಮೇಲೆ ಆದಷ್ಟು ಮರಳಿಸಿ' ಎಂದು ಬಾಯಿಮಾತಿನಲ್ಲಿ ಹೇಳುತ್ತವೆ. ಸಹಿ ಹಾಕುವ ಮೊದಲು ಕಾಗದದಲ್ಲಿ ಏನಿದೆ ನೋಡಿ.

ಹೆಜ್ಜೆ 2: ಪಟ್ಟಿಯನ್ನು ಮನೆ ಹತ್ತಿರದಿಂದ ಶುರು ಮಾಡಿ

ಮೊಬೈಲಿನಲ್ಲಿ ಹುಡುಕಿದರೆ ಮೊದಲು ಸಿಗುವುದು ಇಡೀ ದೇಶಕ್ಕೆ ತೆರೆದಿರುವ ಯೋಜನೆಗಳು. ಅಲ್ಲಿ ಲಕ್ಷಾಂತರ ಮಂದಿ ಪೈಪೋಟಿಗಿರುತ್ತಾರೆ. ನಿಮ್ಮ ಕಾಲೇಜಿನ ದತ್ತಿಗೆ ಅಷ್ಟು ಮಂದಿ ಇರುವುದಿಲ್ಲ. ಹಾಗಾಗಿ ನಾನು ಹೇಳುವ ಕ್ರಮ ಉಲ್ಟಾ.

ಮೊದಲು ಕಾಲೇಜು ಕಚೇರಿಗೆ ಹೋಗಿ. 'ಸ್ಕಾಲರ್‌ಶಿಪ್ ಇದೆಯಾ ಸರ್?' ಅಂತ ಕೇಳಿದರೆ ಸರ್ಕಾರದ್ದನ್ನು ಹೇಳಿ ಕಳಿಸುತ್ತಾರೆ. 'ಎಂಡೋಮೆಂಟ್‌ಗಳ ಪಟ್ಟಿ ನೋಡಬಹುದೇ?' ಎಂದು ಕೇಳಿ. ಕಾಸರಗೋಡು ಸರ್ಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಕಾಲೇಜು, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ, ಎಲ್ಲೇ ಓದಿದರೂ ಈ ಪ್ರಶ್ನೆ ಕೇಳಿ. ನಿಮ್ಮ ವಿಭಾಗದ ಮುಖ್ಯಸ್ಥರನ್ನೂ ಕೇಳಿ. ನಿವೃತ್ತ ಅಧ್ಯಾಪಕರ ಹೆಸರಿನ ದತ್ತಿಗಳು ವಿಭಾಗದ ಮಟ್ಟದಲ್ಲೇ ಇರುತ್ತವೆ, ನೋಟಿಸ್ ಬೋರ್ಡಿನವರೆಗೆ ಬರುವುದೇ ಅಪರೂಪ.

ಆಮೇಲೆ ಊರು. ನೀವು ಕಲಿತ ಶಾಲೆಯ ಹಳೆ ವಿದ್ಯಾರ್ಥಿ ಸಂಘ, ಸಹಕಾರಿ ಬ್ಯಾಂಕು, ದೇವಸ್ಥಾನ, ಮಸೀದಿ ಅಥವಾ ಚರ್ಚಿನ ಸಮಿತಿ, ಊರಿನ ಕ್ಲಬ್ಬು, ಗ್ರಂಥಾಲಯ. ಮಂಗಳೂರಿನಿಂದ ಬರುವ ಕನ್ನಡ ಪತ್ರಿಕೆಗಳ ಕಾಸರಗೋಡು ಪುಟದಲ್ಲಿ 'ವಿದ್ಯಾರ್ಥಿವೇತನ ವಿತರಣೆ' ಎಂಬ ಸುದ್ದಿ ಆಗಾಗ ಬರುತ್ತದೆ. ಅದು ಈ ವರ್ಷದ ಹಣ, ಹಂಚಿ ಆಯಿತು. ಆದರೆ ಆ ಸುದ್ದಿ ಕತ್ತರಿಸಿ ಇಟ್ಟುಕೊಳ್ಳಿ. ಮುಂದಿನ ವರ್ಷ ಅದೇ ತಿಂಗಳಿಗೆ ಎರಡು ತಿಂಗಳು ಮೊದಲು ಆ ಸಂಸ್ಥೆಗೆ ಪತ್ರ ಬರೆಯಿರಿ. ಮನೆಯವರು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘದಲ್ಲಿದ್ದರೆ 'ಸುಜ್ಞಾನ ನಿಧಿ'ಯ ಬಗ್ಗೆ ಸೇವಾಪ್ರತಿನಿಧಿಯನ್ನು ಕೇಳಿ. ಅದು ವೃತ್ತಿಪರ ಶಿಕ್ಷಣ ಪಡೆಯುವ ಸದಸ್ಯರ ಮಕ್ಕಳಿಗೆ.

ಮೂರನೆಯ ಸುತ್ತು ಮಂಗಳೂರು, ಉಡುಪಿ, ಮುಂಬಯಿ. ಬಂಟರ ಸಂಘ, ಬಿಲ್ಲವರ ಅಸೋಸಿಯೇಷನ್‌ನಂಥ ಮುಂಬಯಿಯ ಸಂಘಟನೆಗಳು, ಕರಾವಳಿಯ ಇತರ ಸಮುದಾಯದ ಟ್ರಸ್ಟ್‌ಗಳು ಇಲ್ಲಿ ಬರುತ್ತವೆ. ಇಲ್ಲೇ ನಮಗೆ ಒಂದು ವಿಶೇಷ ಹಿಡಿತ ಇರುವುದು. ಹಲವು ಪ್ರಕಟಣೆಗಳಲ್ಲಿ 'ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ವಿದ್ಯಾರ್ಥಿಗಳಿಗೆ' ಎಂದಿರುತ್ತದೆ. ಈಗ ಎಲ್ಲರೂ ಅದನ್ನು ದಕ್ಷಿಣ ಕನ್ನಡ ಮತ್ತು ಉಡುಪಿ ಎಂದು ಓದುತ್ತಾರೆ, 1997ರಲ್ಲಿ ಉಡುಪಿ ಬೇರೆಯಾಯಿತಲ್ಲ. ಆದರೆ 1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ಕೂಡ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಟ್ರಸ್ಟ್ 1956ಕ್ಕಿಂತ ಮೊದಲಿನದಾಗಿದ್ದು, ಅದರ ಮೂಲ ಪತ್ರದಲ್ಲಿ (ಟ್ರಸ್ಟ್ ಡೀಡ್) 'ಸೌತ್ ಕೆನರಾ' ಎಂದು, ಅಂದರೆ ದಕ್ಷಿಣ ಕನ್ನಡದ ಆಗಿನ ಇಂಗ್ಲಿಷ್ ಹೆಸರು ಇದ್ದರೆ, ಕಾಸರಗೋಡಿನವರೂ ಒಳಗೆ ಬರುತ್ತಾರೆ ಎಂದು ಕೇಳುವ ಹಕ್ಕು ನಿಮಗಿದೆ. ಜಗಳದ ಧಾಟಿಯಲ್ಲಿ ಬೇಡ. 'ನಾವು ಕಾಸರಗೋಡಿನವರು. ನಿಮ್ಮ ಟ್ರಸ್ಟ್ ಡೀಡ್ ಪ್ರಕಾರ ನಮಗೆ ಅವಕಾಶ ಇದೆಯೇ ಎಂದು ದಯವಿಟ್ಟು ತಿಳಿಸಿ' ಎಂದು ಕಾರ್ಯದರ್ಶಿಗೆ ಬರೆಯಿರಿ. ಇಲ್ಲ ಅಂದರೆ ಇಲ್ಲ. ಕೇಳದೆ ಬಿಟ್ಟರೆ ಖಂಡಿತ ಇಲ್ಲ, ಅಲ್ವಾ?

ಅಂದ ಹಾಗೆ, ಕರ್ನಾಟಕದ ವೃತ್ತಿಪರ ಕೋರ್ಸುಗಳ ಸೀಟಿಗೆ ಗಡಿನಾಡು ಕನ್ನಡಿಗರೆಂಬ ಅರ್ಹತೆಯಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಹೆಸರಿದೆ. ಅದು ಸೀಟಿನ ಮಾತು, ಹಣದ ಮಾತಲ್ಲ. ಆದರೆ ಆ ಅರ್ಹತೆಗೆ ಮಾಡಿಸಿದ ಪ್ರಮಾಣಪತ್ರಗಳನ್ನು ಕನ್ನಡಿಗರಿಗೆ ಮೀಸಲಾದ ದತ್ತಿಗಳಿಗೂ ಜೋಡಿಸಬಹುದು.

ಕೊನೆಯ ಸುತ್ತು ದೊಡ್ಡವು. ಕೇರಳದವರಿಗೆ ಅನುಕೂಲವಾದ ಕೆಲವನ್ನು ಮಾತ್ರ ಹೇಳುತ್ತೇನೆ. ಇನ್ಫೋಸಿಸ್ ಸಹಸಂಸ್ಥಾಪಕ ಎಸ್.ಡಿ. ಶಿಬುಲಾಲ್ ಮತ್ತು ಕುಮಾರಿ ಶಿಬುಲಾಲ್ ದಂಪತಿ 1999ರಲ್ಲಿ ಶುರು ಮಾಡಿದ ಸರೋಜಿನಿ ದಾಮೋದರನ್ ಫೌಂಡೇಶನ್ನಿನ 'ವಿದ್ಯಾಧನ್' ಹತ್ತನೆಯ ತರಗತಿ ಮುಗಿಸಿದವರನ್ನು ಆರಿಸಿ, ಚೆನ್ನಾಗಿ ಓದಿದರೆ ಪದವಿಯವರೆಗೂ ನಡೆಸುತ್ತದೆ. ಕುಟುಂಬದ ಆದಾಯ ಮಿತಿ ವರ್ಷಕ್ಕೆ 2 ಲಕ್ಷ. ನೀವು ಈಗಾಗಲೇ ಡಿಗ್ರಿಯಲ್ಲಿದ್ದರೆ ತಡವಾಯಿತು, ತಮ್ಮ ತಂಗಿಯರಿಗೆ ಹೇಳಿ. ಫೆಡರಲ್ ಬ್ಯಾಂಕ್ ತನ್ನ ಸ್ಥಾಪಕ ಕೆ.ಪಿ. ಹೋರ್ಮಿಸ್ ಹೆಸರಿನಲ್ಲಿ ಎಂಬಿಬಿಎಸ್, ಎಂಜಿನಿಯರಿಂಗ್, ನರ್ಸಿಂಗ್, ಕೃಷಿ, ಎಂಬಿಎಯಂಥ ಕೋರ್ಸುಗಳ ಫೀಸನ್ನು ವರ್ಷಕ್ಕೆ ಗರಿಷ್ಠ 1 ಲಕ್ಷದವರೆಗೆ ಭರಿಸುತ್ತದೆ. ರಿಲಯನ್ಸ್ ಫೌಂಡೇಶನ್ ಪದವಿಯ ಮೊದಲ ವರ್ಷದವರಿಗೆ, ಯಾವ ವಿಷಯವೇ ಇರಲಿ, ಇಡೀ ಕೋರ್ಸಿಗೆ ಸೇರಿ 2 ಲಕ್ಷದವರೆಗೆ ಕೊಡುತ್ತದೆ. ಆನ್‌ಲೈನ್ ಪರೀಕ್ಷೆ ಇದೆ. ಇನ್ಫೋಸಿಸ್ ಫೌಂಡೇಶನ್ನಿನ 'ಸ್ಟೆಮ್ ಸ್ಟಾರ್ಸ್' ವಿಜ್ಞಾನ, ತಂತ್ರಜ್ಞಾನ ಓದುವ ಹುಡುಗಿಯರಿಗೆ. ಫೌಂಡೇಶನ್ ಫಾರ್ ಎಕ್ಸಲೆನ್ಸ್ ಎಂಜಿನಿಯರಿಂಗ್, ವೈದ್ಯಕೀಯದಂಥ ವೃತ್ತಿಪರ ಕೋರ್ಸಿನವರಿಗೆ. ಷರತ್ತುಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ, ಆಯಾ ವರ್ಷದ ಪ್ರಕಟಣೆಯನ್ನೇ ಓದಿ. ವಾಟ್ಸಾಪ್‌ನಲ್ಲಿ ಬಂದ ಹಳೆ ಪೋಸ್ಟರ್ ನಂಬಬೇಡಿ.

ಅಮ್ಮನೋ ಅಪ್ಪನೋ ಬೀಡಿ ಕಟ್ಟುವವರಾಗಿದ್ದು ಗುರುತಿನ ಚೀಟಿ ಇದ್ದರೆ, ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಕಾರ್ಮಿಕ ಸಚಿವಾಲಯದ ಸಹಾಯಧನ ಇದೆ. ದಾನಿಯದ್ದಲ್ಲ, ಆದರೂ ಹೇಳಿದೆ. ನಮ್ಮ ಕಡೆ ಬೀಡಿ ಕಟ್ಟಿ ಮಕ್ಕಳನ್ನು ಓದಿಸುವ ಮನೆಗಳು ತುಂಬಾ ಇವೆ.

ಹೆಜ್ಜೆ 3: ಕಾಗದಪತ್ರ

ಅರ್ಜಿಗಳು ಬೀಳುವುದು ಹೆಚ್ಚಾಗಿ ಇಲ್ಲೇ. ಅಂಕ ಕಡಿಮೆ ಎಂದಲ್ಲ, ಕಾಗದ ತಾಳೆಯಾಗಲಿಲ್ಲ ಎಂದು.

ಮುಖ್ಯವಾದದ್ದು ಆದಾಯ ಪ್ರಮಾಣಪತ್ರ. ಅಕ್ಷಯದಲ್ಲಿ ಇ-ಡಿಸ್ಟ್ರಿಕ್ಟ್ ಮೂಲಕ ಅರ್ಜಿ ಹಾಕಿದರೆ ಅದು ವಿಲೇಜ್ ಆಫೀಸಿಗೆ ಹೋಗುತ್ತದೆ. ರೇಷನ್ ಕಾರ್ಡು, ಆಧಾರ್, ಜಾಗದ ತೀರ್ವೆ ರಶೀದಿ, ಸಂಬಳದವರಾದರೆ ಸಂಬಳದ ಪತ್ರ ಕೈಯಲ್ಲಿರಲಿ. ವಿಲೇಜ್ ಆಫೀಸರ್ ಕರೆದು ಕೇಳಬಹುದು: ಅಡಿಕೆ ಎಷ್ಟು, ರಬ್ಬರ್ ಎಷ್ಟು, ಅಣ್ಣ ಗಲ್ಫ್‌ನಲ್ಲಿದ್ದಾನಾ? ಇದ್ದದ್ದನ್ನು ಇದ್ದ ಹಾಗೆ ಹೇಳಿ. ರೇಷನ್ ಕಾರ್ಡಿನಲ್ಲಿರುವ ತಿಂಗಳ ಆದಾಯಕ್ಕೂ ಪ್ರಮಾಣಪತ್ರದ ಆದಾಯಕ್ಕೂ ಅಜಗಜಾಂತರ ಇದ್ದರೆ ಟ್ರಸ್ಟಿನವರು ಗಮನಿಸುತ್ತಾರೆ. ಕಾರ್ಡಿನ ಬಣ್ಣವನ್ನೂ ನೋಡುತ್ತಾರೆ. ಹಳದಿ, ಗುಲಾಬಿ ಆದರೆ ಮಾತೇ ಬೇಡ. ನೀಲಿ, ಬಿಳಿ ಕಾರ್ಡಿನವರು ಯಾಕೆ ಕಷ್ಟದಲ್ಲಿದ್ದೇವೆ ಎಂದು ಎರಡು ಸಾಲು ವಿವರಿಸಬೇಕಾಗುತ್ತದೆ. ಅಪ್ಪನಿಗೆ ಕಾಯಿಲೆ, ತೋಟಕ್ಕೆ ರೋಗ, ಸಾಲ, ಏನಿದೆಯೋ ಅದು, ದಾಖಲೆಯ ಸಮೇತ.

ಪ್ರಮಾಣಪತ್ರ ಮಲಯಾಳದಲ್ಲಿದ್ದರೆ ಮಂಗಳೂರಿನ ಟ್ರಸ್ಟಿನವರಿಗೆ ಓದಲು ಬರುವುದಿಲ್ಲ. ಅರ್ಜಿ ಹಾಕುವಾಗಲೇ ಇಂಗ್ಲಿಷ್‌ನಲ್ಲಿ ಬೇಕು ಎಂದು ಹೇಳಿ. ವಿಲೇಜ್ ಆಫೀಸಿಗೆ ಕೊಡುವ ನಿಮ್ಮ ಮನವಿಯನ್ನು ಮಾತ್ರ ಕನ್ನಡದಲ್ಲೇ ಕೊಡಬಹುದು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳ ಜೊತೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕು 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆಯಿಂದಲೇ ಬಂದಿದೆ. ಮಲಯಾಳ ಬರುವುದಿಲ್ಲ ಎಂದು ಹಿಂಜರಿಯುವ ಅಮ್ಮಂದಿರಿಗೆ ಇದನ್ನು ತಿಳಿಸಿ.

ಇನ್ನು ಹೆಸರಿನ ರಗಳೆ. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ 'ಸೌಮ್ಯ ಕೆ.', ಆಧಾರ್‌ನಲ್ಲಿ 'ಸೌಮ್ಯಾ ಕೃಷ್ಣ ನಾಯ್ಕ', ಪಾಸ್‌ಬುಕ್ಕಿನಲ್ಲಿ 'ಕೆ. ಸೌಮ್ಯ'. ನಮಗೆ ಮೂರೂ ಒಂದೇ, ಕಂಪ್ಯೂಟರಿಗೆ ಮೂರು ಜನ. ಆಧಾರ್ ತಿದ್ದಿಸುವುದಾದರೆ ಎಸ್‌ಎಸ್‌ಎಲ್‌ಸಿಯಲ್ಲಿ ಇದ್ದ ಹಾಗೆ ತಿದ್ದಿಸಿ. ಅಷ್ಟು ಸಮಯ ಇಲ್ಲವೆಂದರೆ ವಿಲೇಜ್ ಆಫೀಸಿನಿಂದ 'ಒನ್ ಆ್ಯಂಡ್ ದ ಸೇಮ್' ಸರ್ಟಿಫಿಕೇಟ್ ಮಾಡಿಸಬಹುದು. ಇಬ್ಬರೂ ಒಬ್ಬರೇ ಎಂದು ಹೇಳುವ ಕಾಗದ ಅದು.

ಬ್ಯಾಂಕ್ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ. ಚಿಕ್ಕವರಿದ್ದಾಗ ಮಾಡಿಸಿದ ಖಾತೆಯಾದರೆ ಬ್ಯಾಂಕಿಗೆ ಹೋಗಿ ಕೆವೈಸಿ (ಗುರುತು, ವಿಳಾಸದ ದಾಖಲೆ) ಹೊಸದಾಗಿ ಕೊಡಿ. ಪೂರ್ತಿ ಕೆವೈಸಿ ಇಲ್ಲದ 'ಸ್ಮಾಲ್ ಅಕೌಂಟ್'ಗಳಲ್ಲಿ 50,000ಕ್ಕಿಂತ ಹೆಚ್ಚು ಇಡುವ ಹಾಗಿಲ್ಲ, ವರ್ಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ಜಮೆ ಆಗುವ ಹಾಗಿಲ್ಲ. ದೊಡ್ಡ ಮೊತ್ತ ಬಂದರೆ ವಾಪಸ್ ಹೋಗುತ್ತದೆ. ಎರಡು ವರ್ಷ ವ್ಯವಹಾರ ಮಾಡದ ಖಾತೆ ನಿಷ್ಕ್ರಿಯವಾಗುತ್ತದೆ, ಅದನ್ನೂ ನೋಡಿಕೊಳ್ಳಿ.

ಅಂಕಪಟ್ಟಿ, ಬೋನಫೈಡ್ (ಇಲ್ಲಿ ಓದುತ್ತಿದ್ದೀರಿ ಎಂದು ಕಾಲೇಜು ಕೊಡುವ ಪತ್ರ), ಫೀಸಿನ ರಶೀದಿ, ಫೋಟೊ ಎಲ್ಲವನ್ನೂ ಒಮ್ಮೆ ನೀಟಾಗಿ ಸ್ಕ್ಯಾನ್ ಮಾಡಿ ಮೊಬೈಲಿನಲ್ಲೂ ಇಮೇಲ್‌ನಲ್ಲೂ ಇಟ್ಟುಕೊಳ್ಳಿ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿದೆ. ದಾನಿಗಳ ಫಾರಂಗಳು ಈಗಲೂ ಶೇಕಡಾವಾರು ಅಂಕ ಕೇಳುತ್ತವೆ, ನಿಮ್ಮ ಕೈಯಲ್ಲಿರುವುದು ಗ್ರೇಡ್ ಪಾಯಿಂಟ್. ಅದನ್ನು ನೀವೇ ಗುಣಿಸಿ ಬರೆಯಬೇಡಿ. ವಿಶ್ವವಿದ್ಯಾಲಯದ ಲೆಕ್ಕದ ಪ್ರಕಾರ ಬರೆದು ಕಾಲೇಜಿನ ಸಹಿ ಹಾಕಿಸಿ. ಮತ್ತೆ, ಸಹಾಯ ಮೂರು ವರ್ಷಕ್ಕೋ ನಾಲ್ಕನೆಯ ವರ್ಷಕ್ಕೂ ಇದೆಯೋ ಎಂದು ಮೊದಲೇ ಕೇಳಿ.

ಹೆಜ್ಜೆ 4: ಲೆಕ್ಕದ ಹಾಳೆ ಮತ್ತು ಪತ್ರ

ದಾನಿಗಳಿಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಹೀಗಿರುತ್ತವೆ: 'ನಾನು ಬಡ ಕುಟುಂಬದ ವಿದ್ಯಾರ್ಥಿನಿ. ಓದಿನಲ್ಲಿ ತುಂಬಾ ಆಸಕ್ತಿ ಇದೆ. ದಯವಿಟ್ಟು ಸಹಾಯ ಮಾಡಬೇಕೆಂದು ಕೈಮುಗಿದು ಬೇಡಿಕೊಳ್ಳುತ್ತೇನೆ.' ಸುಳ್ಳೇನಿಲ್ಲ. ಆದರೆ ನೂರು ಪತ್ರದಲ್ಲಿ ಇದೇ ಇದ್ದರೆ ಆರಿಸುವವರು ಏನು ಮಾಡಬೇಕು?

ಮೊದಲು ಒಂದು ಹಾಳೆಯಲ್ಲಿ ಲೆಕ್ಕ ಹಾಕಿ. ಕಾಲೇಜು ಫೀಸು 14,000. ಹಾಸ್ಟೆಲು, ಊಟ ತಿಂಗಳಿಗೆ 2,800ರಂತೆ ಹತ್ತು ತಿಂಗಳಿಗೆ 28,000. ಊರಿಗೆ ಹೋಗಿಬರುವ ಬಸ್ಸು, ರೈಲು 4,000. ಪುಸ್ತಕ, ಪರೀಕ್ಷಾ ಶುಲ್ಕ 3,000. ಒಟ್ಟು 49,000. ಮನೆಯಿಂದ ಆಗುವುದು 25,000. ಬೇರೆ ಕಡೆಯಿಂದ ಸಿಗುವುದು 6,000. ಕೊರತೆ 18,000. ಈ ಅಂಕಿಗಳು ಉದಾಹರಣೆಗೆ, ನಿಮ್ಮದನ್ನು ನೀವು ಹಾಕಿ.

ಈಗ ಪತ್ರ: 'ನಾನು ಪೈವಳಿಕೆಯವಳು. ಮಂಗಳೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತೆ. ಅಪ್ಪ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಾರೆ, ಮಳೆಗಾಲದಲ್ಲಿ ಕೆಲಸ ಕಡಿಮೆ. ಅಮ್ಮ ಬೀಡಿ ಕಟ್ಟುತ್ತಾರೆ. ಈ ವರ್ಷ ಓದಿಗೆ 49,000 ರೂಪಾಯಿ ಬೇಕು. 31,000 ಹೊಂದಿಸಿದ್ದೇವೆ, 18,000 ಕೊರತೆ ಇದೆ. ಲೆಕ್ಕವನ್ನು ಜೊತೆಗಿಟ್ಟಿದ್ದೇನೆ. ಮೊದಲ ಸೆಮಿಸ್ಟರ್‌ನ ರಸಾಯನಶಾಸ್ತ್ರದಲ್ಲಿ ಅಂಕ ಕಡಿಮೆ ಬಂತು. ಪಾಠವನ್ನು ಪೂರ್ತಿ ಇಂಗ್ಲಿಷ್‌ನಲ್ಲೇ ಮೊದಲ ಸಲ ಕೇಳುತ್ತಿದ್ದೆ. ಎರಡನೇ ಸೆಮಿಸ್ಟರ್‌ನಲ್ಲಿ ಸರಿಯಾಗಿದೆ, ಅಂಕಪಟ್ಟಿ ನೋಡಬಹುದು. ಎಂ.ಎಸ್ಸಿ. ಮಾಡಿ ಉಪನ್ಯಾಸಕಿ ಆಗಬೇಕೆಂದಿದ್ದೇನೆ.'

ಬೇಡುವ ಒಂದು ಮಾತೂ ಇಲ್ಲ ನೋಡಿ. ಆದರೂ ಓದಿದವರಿಗೆ ಮನೆ ಕಾಣುತ್ತದೆ, ಕೊರತೆ ಕಾಣುತ್ತದೆ, ಎಷ್ಟು ಕೊಟ್ಟರೆ ಏನಾಗುತ್ತದೆ ಎಂದು ಗೊತ್ತಾಗುತ್ತದೆ. ಅಂಕ ಕಡಿಮೆ ಬಂದ ಕಡೆ ನೀವೇ ಕಾರಣ ಹೇಳಿಬಿಟ್ಟರೆ ಅವರು ಊಹೆ ಮಾಡಬೇಕಿಲ್ಲ. ದತ್ತಿಯ ಷರತ್ತಿಗೆ ತಕ್ಕ ಹಾಗೆ ಒಂದೆರಡು ಸಾಲು ಬದಲಿಸಿ. ಕನ್ನಡ ಮಾಧ್ಯಮದವರಿಗೆ ಮೀಸಲಾದ ದತ್ತಿಯಾದರೆ ಕನ್ನಡ ಮಾಧ್ಯಮದ ಸಾಲು ಮೊದಲು ಬರಲಿ. ಪತ್ರ ಒಂದು ಪುಟ ದಾಟಬಾರದು. ಮೇಷ್ಟ್ರು ಬರೆದುಕೊಟ್ಟ ಸಂಸ್ಕೃತಮಯ ಪತ್ರ ಬೇಡ, ಸಂದರ್ಶನದಲ್ಲಿ ಸಿಕ್ಕಿಬೀಳುತ್ತೀರಿ.

ಹೆಜ್ಜೆ 5: ಸಂದರ್ಶನ, ಮನೆ ಭೇಟಿ

ಕೆಲವರು ಫೋನಿನಲ್ಲೇ ಮಾತಾಡಿಸುತ್ತಾರೆ, ಕೆಲವರು ಕರೆಸುತ್ತಾರೆ, ಕೆಲವರು ಮನೆಗೇ ಬರುತ್ತಾರೆ. ಉಡುಪಿಯ ಯಕ್ಷಗಾನ ಕಲಾರಂಗದ 'ವಿದ್ಯಾಪೋಷಕ್' ಯೋಜನೆಯಲ್ಲಿ ಕಾರ್ಯಕರ್ತರು ವಿದ್ಯಾರ್ಥಿಗಳ ಮನೆಗೆ ಹೋಗಿ ನೋಡುತ್ತಾರೆ. ಹಾಗೆ ಹೋದಾಗ ಕಂಡ ಸ್ಥಿತಿ ನೋಡಿ, ದಾನಿಗಳಿಂದ ಮನೆ ಕಟ್ಟಿಸಿಕೊಟ್ಟದ್ದೂ ಉಂಟು. ಮನೆ ಭೇಟಿ ಎಂದರೆ ಅವಮಾನ ಅಂದುಕೊಳ್ಳಬೇಡಿ. ಮನೆಯನ್ನು ವಿಶೇಷವಾಗಿ ಸಿಂಗರಿಸುವುದೂ ಬೇಡ, ಬಡತನ ತೋರಿಸಲು ಟಿವಿ ಬಚ್ಚಿಡುವುದೂ ಬೇಡ. ಬಂದವರು ಹತ್ತಾರು ಮನೆ ನೋಡಿದವರು.

ಸಂದರ್ಶನದಲ್ಲಿ ಬರುವ ಪ್ರಶ್ನೆಗಳು ಸುಮಾರಾಗಿ ಇವೇ. ಈ ಕೋರ್ಸ್ ಯಾಕೆ? ಮುಂದೆ ಏನು? ಬೇರೆಲ್ಲಿ ಅರ್ಜಿ ಹಾಕಿದ್ದೀರಿ? ಕೊನೆಯದಕ್ಕೆ ನಿಜ ಹೇಳಿ. ಕೇಂದ್ರದ ಕೆಲವು ಯೋಜನೆಗಳಲ್ಲಿ ಇನ್ನೊಂದು ವಿದ್ಯಾರ್ಥಿವೇತನ ಪಡೆಯುವ ಹಾಗಿಲ್ಲ. ದಾನಿಗಳಲ್ಲಿ ಕೆಲವರು ಬಿಡುತ್ತಾರೆ, ಕೆಲವರು ಬಿಡುವುದಿಲ್ಲ. ಬಚ್ಚಿಟ್ಟದ್ದು ನಂತರ ಗೊತ್ತಾದರೆ ಎರಡೂ ಹೋಗಬಹುದು. ಇಂಗ್ಲಿಷ್ ಸರಾಗ ಇಲ್ಲದಿದ್ದರೆ 'ಕನ್ನಡದಲ್ಲಿ ಹೇಳಬಹುದೇ?' ಎಂದು ಕೇಳಿ.

ಒಂದು ಎಚ್ಚರಿಕೆ. ಅರ್ಜಿ ಶುಲ್ಕ, ಪ್ರೊಸೆಸಿಂಗ್ ಫೀ ಎಂದು ದುಡ್ಡು ಕೇಳಿದರೆ, ಒಟಿಪಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ದುಡ್ಡು ಹೋಗಿಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹೆಜ್ಜೆ 6: ಸಿಕ್ಕಿದ ಮೇಲೆ

ಹಣ ಬಂದ ದಿನವೇ ಬಂತೆಂದು ತಿಳಿಸಿ. ವಾರದೊಳಗೆ ಒಂದು ಪತ್ರ ಬರೆಯಿರಿ, ಫೀಸಿನ ರಶೀದಿ ಜೋಡಿಸಿ. ಪ್ರತಿ ಸೆಮಿಸ್ಟರ್ ಫಲಿತಾಂಶ ಬಂದಾಗ ಕೇಳದೆಯೇ ಕಳಿಸಿ. ಎಷ್ಟೋ ದಾನಿಗಳು ವಯಸ್ಸಾದವರು. ಅಪ್ಪನದೋ, ತೀರಿಕೊಂಡ ಮಗನದೋ ಹೆಸರಿನಲ್ಲಿ ಕೊಟ್ಟಿರುತ್ತಾರೆ. ಅವರಿಗೆ ಆ ಪತ್ರವೇ ದೊಡ್ಡದು. ಅದು ಬಿಡಿ, ನವೀಕರಣದ ಸಮಯದಲ್ಲಿ ನಿಮ್ಮ ಫೈಲು ಪೂರ್ತಿ ಇರುತ್ತದೆ.

ಫಲಿತಾಂಶ ತಡವಾದರೆ ನವೀಕರಣದ ಕೊನೆಯ ದಿನ ದಾಟಿಹೋಗುತ್ತದೆ. ಇದು ಪ್ರತಿ ವರ್ಷದ ಗೋಳು. ಕಾಲೇಜಿನಿಂದ 'ಫಲಿತಾಂಶ ಇನ್ನೂ ಪ್ರಕಟವಾಗಿಲ್ಲ' ಎಂಬ ಪತ್ರ ಪಡೆದು ಕೊನೆಯ ದಿನಕ್ಕೆ ಮೊದಲೇ ಕಳಿಸಿ, ನಂತರ ಅಂಕಪಟ್ಟಿ ಕೊಡಿ. ಒಂದು ವಿಷಯ ಹೋಗಿದ್ದರೆ ಅದನ್ನೂ ನೀವೇ ಹೇಳಿ, ಯಾವಾಗ ಮತ್ತೆ ಬರೆಯುತ್ತೀರಿ ಎಂದು ತಿಳಿಸಿ. ಒಂದು ವರ್ಷ ತಡೆದು ಮುಂದುವರಿಸಲು ಒಪ್ಪುವವರಿದ್ದಾರೆ. ಸುಮ್ನೆ ಕೂತವರ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಕಾಲೇಜು, ಕೋರ್ಸ್ ಬದಲಿಸುವುದಿದ್ದರೂ ಮೊದಲೇ ಕೇಳಿ.

ತೆರಿಗೆಯ ಚಿಂತೆ ಬೇಡ. ಓದಿನ ಖರ್ಚಿಗೆಂದು ಕೊಟ್ಟ ವಿದ್ಯಾರ್ಥಿವೇತನಕ್ಕೆ ಆದಾಯ ತೆರಿಗೆಯಿಂದ ವಿನಾಯ್ತಿ ಇದೆ.

ಸಿಗದಿದ್ದರೆ? ಯಾಕೆಂದು ವಿನಯದಿಂದ ಕೇಳಿ, ಮುಂದಿನ ವರ್ಷ ಮತ್ತೆ ಹಾಕಿ. ದತ್ತಿಗಳಲ್ಲಿ ಪ್ರತಿ ವರ್ಷ ಹೊಸ ಲೆಕ್ಕ.

ಕೊಡುವವರಿಗೆ ಒಂದು ಮಾತು

ಇದನ್ನು ಓದುವವರಲ್ಲಿ ಊರಿನ ಕಾಲೇಜಿಗೆ ದತ್ತಿ ಇಡಬೇಕೆಂದು ಯೋಚಿಸುವವರೂ ಇರಬಹುದು. ದಯವಿಟ್ಟು ಷರತ್ತನ್ನು ತೀರಾ ಸಣ್ಣದು ಮಾಡಬೇಡಿ. 'ನಮ್ಮ ಊರಿನ, ಕನ್ನಡ ಮಾಧ್ಯಮದ, ಗಣಿತ ಓದುವ, ಶೇ 90 ಪಡೆದ ಹುಡುಗಿಗೆ' ಎಂದು ಬರೆದರೆ ಹಲವು ವರ್ಷ ಅಂಥವರು ಸಿಗುವುದೇ ಇಲ್ಲ. ಬಡ್ಡಿ ಬ್ಯಾಂಕಿನಲ್ಲೇ ಕೂತಿರುತ್ತದೆ. ಕೆಳಗೆ ಇನ್ನೊಂದು ಸಾಲು ಸೇರಿಸಿ: 'ಅಂಥವರು ಸಿಗದ ವರ್ಷ, ಕಾಸರಗೋಡು ಜಿಲ್ಲೆಯ ಕನ್ನಡ ಕಲಿತ ಯಾವುದೇ ಅರ್ಹ ವಿದ್ಯಾರ್ಥಿಗೆ, ಎಲ್ಲಿ ಓದುತ್ತಿದ್ದರೂ ಕೊಡಬಹುದು.' ಬಡ್ಡಿಯ ಒಂದು ಪಾಲನ್ನು ಅಸಲಿಗೆ ಸೇರಿಸಬೇಕೆಂಬುದನ್ನೂ ಒಪ್ಪಂದದಲ್ಲೇ ಬರೆಸಿ. ಹಣವನ್ನು ಜೂನ್‌ನಲ್ಲಿ, ಫೀಸು ಕಟ್ಟುವ ಹೊತ್ತಿಗೆ ಕೊಡಲು ಹೇಳಿ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಫೆಬ್ರವರಿಗೆ ಕೊಟ್ಟರೆ, ಆ ವರ್ಷದ ಫೀಸಿಗೆ ಅವರ ಮನೆಯವರು ಆಗಲೇ ಬಂಗಾರ ಅಡವಿಟ್ಟಿರುತ್ತಾರೆ.